ಪೈಥಾನ್ 70 ಪಟ್ಟು ನಿಧಾನವಂತೆ: ಆ ಪಟ್ಟಿಯನ್ನು ಓದುವುದು ಹೇಗೆ?

ಪ್ರೋಗ್ರಾಮಿಂಗ್ ಭಾಷೆಗಳ ವೇಗದ ಬಗ್ಗೆ ಜಗಳ ಶುರುವಾದರೆ ಒಂದು ಪಟ್ಟಿ ಹೊರಗೆ ಬಂದೇ ಬರುತ್ತದೆ. 2017ರಲ್ಲಿ ಪೋರ್ಚುಗಲ್‌ನ ಕೆಲವು ಸಂಶೋಧಕರು 27 ಭಾಷೆಗಳನ್ನು ಹೋಲಿಸಿ ಒಂದು ಪ್ರಬಂಧ ಬರೆದರು. ಯಾವ ಭಾಷೆಯ ಪ್ರೋಗ್ರಾಮ್ ಎಷ್ಟು ಕರೆಂಟ್ ತಿನ್ನುತ್ತದೆ, ಎಷ್ಟು ಸಮಯ ತೆಗೆದುಕೊಳ್ಳುತ್ತದೆ, ಎಷ್ಟು ಮೆಮೊರಿ ಬಳಸುತ್ತದೆ ಅನ್ನುವ ಲೆಕ್ಕ ಅದರಲ್ಲಿತ್ತು. ಸಿ ಭಾಷೆಗೆ ಹಿಡಿದ ಸಮಯವನ್ನು 1 ಅಂತ ಇಟ್ಟುಕೊಂಡರೆ ರಸ್ಟ್ 1.04, ಜಾವಾ 1.89, ಪೈಥಾನ್ 71.90. ಈ ಪಟ್ಟಿಯ ಚಿತ್ರ ಇವತ್ತಿಗೂ ಲಿಂಕ್ಡ್‌ಇನ್‌ನಲ್ಲಿ, ಆಫೀಸಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ.

ಅದೇ ಪಟ್ಟಿಯಲ್ಲಿ ಇನ್ನೆರಡು ಸಾಲುಗಳಿವೆ. ಜಾವಾಸ್ಕ್ರಿಪ್ಟ್ 6.52. ಟೈಪ್‌ಸ್ಕ್ರಿಪ್ಟ್ 46.20. ಒಂದು ನಿಮಿಷ ಯೋಚನೆ ಮಾಡಿ. ಟೈಪ್‌ಸ್ಕ್ರಿಪ್ಟ್ ಕಂಪೈಲ್ ಆಗುವುದೆಂದರೆ ಯಾವ ಡೇಟಾ ಯಾವ ಬಗೆಯದು ಅಂತ ಹೇಳುವ ಟೈಪ್‌ಗಳನ್ನು ಕಿತ್ತುಹಾಕಿ ಜಾವಾಸ್ಕ್ರಿಪ್ಟ್ ಆಗುವುದು. ಆಮೇಲೆ ಓಡುವುದು ಅದೇ ಎಂಜಿನ್‌ನಲ್ಲಿ. ಹಾಗಿದ್ದ ಮೇಲೆ ಏಳು ಪಟ್ಟು ಅಂತರ ಎಲ್ಲಿಂದ ಬಂತು?

ಭಾಷೆಯಿಂದಂತೂ ಬಂದಿಲ್ಲ. ಆ ಎರಡು ಭಾಷೆಗಳಿಗೆ ಬೇರೆ ಬೇರೆ ಜನ, ಬೇರೆ ಬೇರೆ ರೀತಿಯಲ್ಲಿ ಪ್ರೋಗ್ರಾಮ್ ಬರೆದಿದ್ದರು. ಒಂದು ಚೆನ್ನಾಗಿ ತೀಡಿದ ಕೋಡ್, ಇನ್ನೊಂದು ಅಷ್ಟಾಗಿ ಯಾರೂ ಗಮನ ಕೊಡದ ಕೋಡ್. ಸರಾಸರಿ ತೆಗೆದು ಪಟ್ಟಿಗೆ ಹಾಕಿದಾಗ ಆ ವ್ಯತ್ಯಾಸ ಭಾಷೆಯ ಹಣೆಗೆ ಅಂಟಿಕೊಂಡಿತು. ಅಂದರೆ ಪಟ್ಟಿ ಸುಳ್ಳು ಅಂತಲ್ಲ. ಅಳೆದದ್ದು ಸರಿಯಾಗಿಯೇ ಇದೆ. ಆದರೆ ಅಳೆದದ್ದು ಏನನ್ನು ಅನ್ನುವುದು ಬೇರೆ ಪ್ರಶ್ನೆ. ಹೀಗೆ ವೇಗ ಅಳೆಯುವ ಪರೀಕ್ಷೆಗಳಲ್ಲಿ, ಅಂದರೆ ಬೆಂಚ್‌ಮಾರ್ಕ್‌ಗಳಲ್ಲಿ, ತುಂಬಾ ಬೆಲೆಯಿರುವ ಭಾಗ ಅಂಕಿಗಳ ಪಕ್ಕದಲ್ಲಿರುವ ಸೋರ್ಸ್ ಕೋಡ್. ನಾವು ಹಂಚಿಕೊಳ್ಳುವುದು ಮಾತ್ರ ಬರೀ ಅಂಕಿಗಳನ್ನು.

ಓಡುತ್ತಿರುವುದು ಯಾರ ಕೋಡ್?

ಆ ಪ್ರಬಂಧದ ಪ್ರೋಗ್ರಾಮ್‌ಗಳು ಬಂದದ್ದು 'ಕಂಪ್ಯೂಟರ್ ಲ್ಯಾಂಗ್ವೇಜ್ ಬೆಂಚ್‌ಮಾರ್ಕ್ಸ್ ಗೇಮ್' ಅನ್ನುವ ಹಳೆಯ ಯೋಜನೆಯಿಂದ. 2000ದ ಆಸುಪಾಸಿನಲ್ಲಿ 'ಶೂಟೌಟ್' ಅನ್ನುವ ಹೆಸರಿನಲ್ಲಿ ಶುರುವಾದದ್ದು. ಹೆಸರಿನಲ್ಲೇ 'ಗೇಮ್' ಅಂತ ಇದೆ, ಅಷ್ಟು ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಹತ್ತು ಚಿಕ್ಕ ಲೆಕ್ಕಗಳಿವೆ. ಯಾರು ಬೇಕಾದರೂ ತಮ್ಮ ಮೆಚ್ಚಿನ ಭಾಷೆಯಲ್ಲಿ ಬರೆದು ಕಳಿಸಬಹುದು. ಹೆಚ್ಚು ಅಭಿಮಾನಿಗಳಿರುವ ಭಾಷೆಗೆ ಹೆಚ್ಚು ತೀಡಿದ ಕೋಡ್ ಸಿಗುತ್ತದೆ.

ಅದರಲ್ಲಿ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಒಂದು ಎನ್‌-ಬಾಡಿ. ಗ್ರಹಗಳು ಒಂದನ್ನೊಂದು ಹೇಗೆ ಎಳೆಯುತ್ತವೆ ಅನ್ನುವುದನ್ನು 5 ಕೋಟಿ ಹೆಜ್ಜೆಗಳಲ್ಲಿ ಲೆಕ್ಕ ಹಾಕಬೇಕು. ಸಿ, ರಸ್ಟ್ ಕೆಲವೇ ಸೆಕೆಂಡಿನಲ್ಲಿ ಮುಗಿಸುತ್ತವೆ. ಸಾದಾ ಪೈಥಾನ್‌ಗೆ ಹಲವು ನಿಮಿಷ ಬೇಕು. ಇನ್ನೊಂದು ಪೈ ಸಂಖ್ಯೆಯ ಅಂಕಿಗಳನ್ನು ಒಂದೊಂದಾಗಿ ಹುಡುಕುವ ಲೆಕ್ಕ. ಇಲ್ಲಿ ಪೈಥಾನ್ ಹೆಚ್ಚು ಹಿಂದೆ ಬೀಳುವುದಿಲ್ಲ. ಕಾರಣ ಸರಳ. ದೊಡ್ಡ ಸಂಖ್ಯೆಗಳ ಗುಣಾಕಾರಕ್ಕೆ ಬಹುತೇಕ ಎಲ್ಲರೂ ಜಿಎಂಪಿ ಅನ್ನುವ ಒಂದೇ ಲೈಬ್ರರಿಯನ್ನು, ಅಂದರೆ ಮೊದಲೇ ಬರೆದಿಟ್ಟ ಕೋಡ್‌ನ ಸಂಗ್ರಹವನ್ನು, ಕರೆಯುತ್ತಾರೆ. ಅದು ಸಿ ಮತ್ತು ಅಸೆಂಬ್ಲಿಯಲ್ಲಿದೆ. ಭಾಷೆ ಯಾವುದಾದರೂ ಓಡುವುದು ಜಿಎಂಪಿಯೇ.

ಎನ್‌-ಬಾಡಿಯಲ್ಲಿ ಪೈಥಾನ್ ಯಾಕೆ ಅಷ್ಟು ನಿಧಾನ? ಸಿ ಭಾಷೆಯಲ್ಲಿ ಎರಡು ಸಂಖ್ಯೆ ಕೂಡಿಸುವುದೆಂದರೆ ಪ್ರೊಸೆಸರ್‌ಗೆ ಒಂದು ಆದೇಶ, ಅಷ್ಟೇ. ಪೈಥಾನ್‌ನಲ್ಲಿ ಪ್ರತಿ ಸಂಖ್ಯೆಯೂ ಮೆಮೊರಿಯಲ್ಲಿ ಕೂತಿರುವ ಒಂದು ಆಬ್ಜೆಕ್ಟ್. ಅದರ ಟೈಪ್ ಏನು ಅಂತ ನೋಡಬೇಕು, ಸರಿಯಾದ ಫಂಕ್ಷನ್ ಆರಿಸಬೇಕು, ಉತ್ತರಕ್ಕೆ ಹೊಸ ಆಬ್ಜೆಕ್ಟ್ ಮಾಡಬೇಕು, ಹಳೆಯದನ್ನು ಎಷ್ಟು ಜನ ಹಿಡಿದುಕೊಂಡಿದ್ದಾರೆ ಅಂತ ಎಣಿಸಬೇಕು. ಕೂಡುವ ಕೆಲಸಕ್ಕಿಂತ ಅದರ ಸುತ್ತಲಿನ ಓಡಾಟವೇ ಜಾಸ್ತಿ. ಇಷ್ಟು ಗೊತ್ತಾದರೆ 71.90 ಅನ್ನುವ ಅಂಕಿ ಮರೆತುಹೋದರೂ ಚಿಂತೆಯಿಲ್ಲ. ನಿಮ್ಮ ಪ್ರೋಗ್ರಾಮ್‌ನ ಬಿಸಿ ಲೂಪ್, ಅಂದರೆ ಮತ್ತೆ ಮತ್ತೆ ಓಡುವ ಭಾಗ, ಪೈಥಾನ್‌ನಲ್ಲೇ ಸುತ್ತುತ್ತಿದ್ದರೆ ಹತ್ತಾರು ಪಟ್ಟು ನಿಧಾನ ಆಗುತ್ತದೆ. ಆ ಕೆಲಸ ಲೈಬ್ರರಿಯ ಒಳಗೆ ನಡೆಯುತ್ತಿದ್ದರೆ ಆಗುವುದಿಲ್ಲ.

ಈ ವಿಷಯಕ್ಕೆ ನನಗೆ ಅತಿ ಇಷ್ಟವಾದ ಉದಾಹರಣೆ ಎಂಐಟಿಯ ಚಾರ್ಲ್ಸ್ ಲೈಸರ್ಸನ್ ಮತ್ತು ಸಂಗಡಿಗರು 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದದ್ದು. 4096 ಸಾಲು, 4096 ಕಂಬಗಳ ಎರಡು ಮ್ಯಾಟ್ರಿಕ್ಸ್‌ಗಳನ್ನು ಗುಣಿಸಬೇಕು. ಸುಮಾರು 13,700 ಕೋಟಿ ಕೂಡು-ಗುಣಿಸುಗಳ ಕೆಲಸ. ಮೂರು ಲೂಪ್‌ಗಳ ಸಾದಾ ಪೈಥಾನ್ ಕೋಡ್‌ಗೆ 25,552 ಸೆಕೆಂಡು ಹಿಡಿಯಿತು. ಅಂದರೆ ಏಳು ಗಂಟೆ. ಅದೇ ಮೂರು ಲೂಪ್ ಜಾವಾದಲ್ಲಿ 2,373 ಸೆಕೆಂಡು, ಸಿ ಭಾಷೆಯಲ್ಲಿ 543 ಸೆಕೆಂಡು. ಇಲ್ಲಿಗೆ ನಿಲ್ಲಿಸಿದರೆ 'ಸಿ 47 ಪಟ್ಟು ವೇಗ' ಅನ್ನುವ ಇನ್ನೊಂದು ಪಟ್ಟಿ ಸಿದ್ಧ.

ಅವರು ನಿಲ್ಲಿಸಲಿಲ್ಲ. ಸಿ ಕೋಡನ್ನೇ ಮುಂದಿಟ್ಟುಕೊಂಡು ಮೊದಲು ಯಂತ್ರದ 18 ಕೋರ್‌ಗಳಿಗೂ ಕೆಲಸ ಹಂಚಿದರು: 70 ಸೆಕೆಂಡಿಗೆ ಇಳಿಯಿತು. ಮ್ಯಾಟ್ರಿಕ್ಸ್ ಅನ್ನು ತುಂಡು ತುಂಡು ಮಾಡಿ, ಡೇಟಾ ಪ್ರೊಸೆಸರ್‌ನ ಕ್ಯಾಶ್ ಅನ್ನುವ ಚಿಕ್ಕ, ವೇಗದ ಮೆಮೊರಿಯಲ್ಲೇ ಉಳಿಯುವ ಹಾಗೆ ನೋಡಿಕೊಂಡರು: 3.8 ಸೆಕೆಂಡು. ಒಂದೇ ಆದೇಶದಲ್ಲಿ ಹಲವು ಸಂಖ್ಯೆಗಳನ್ನು ಗುಣಿಸುವ ವೆಕ್ಟರ್ ಸೌಲಭ್ಯ ಬಳಸಿದರು: ಮೊದಲು 1.1, ಕೊನೆಗೆ 0.41 ಸೆಕೆಂಡು. ಏಳು ಗಂಟೆಯ ಕೆಲಸ ಅರ್ಧ ಸೆಕೆಂಡಿನೊಳಗೆ ಮುಗಿಯಿತು. ಒಟ್ಟು 62,806 ಪಟ್ಟು. ಅದರಲ್ಲಿ ಭಾಷೆ ಬದಲಿಸಿದ್ದಕ್ಕೆ ಸಿಕ್ಕಿದ್ದು 47 ಪಟ್ಟು. ಭಾಷೆ ಬದಲಿಸದೆ ಸಿ ಒಳಗೇ ಸಿಕ್ಕಿದ್ದು 1,300 ಪಟ್ಟಿಗಿಂತ ಜಾಸ್ತಿ.

ಇನ್ನೊಂದು ತಮಾಷೆ ಇದೆ. ಪೈಥಾನ್‌ನಲ್ಲಿ ನಂಪೈ ಅನ್ನುವ ಲೆಕ್ಕದ ಲೈಬ್ರರಿ ಬಳಸಿ ಒಂದೇ ಸಾಲಿನಲ್ಲಿ ಈ ಗುಣಾಕಾರ ಬರೆದರೆ, ಒಳಗೆ ಓಡುವುದು ಇದೇ ರೀತಿ ತೀಡಿದ ಲೈಬ್ರರಿ. ಹಾಗಾಗಿ ಪೈಥಾನ್ ಗೊತ್ತಿರುವ ವಿದ್ಯಾರ್ಥಿಯ ಆ ಒಂದು ಸಾಲು, ಸಿ ಬಲ್ಲವರು ಕೈಯಾರೆ ಬರೆದ ಮೂರು ಲೂಪ್‌ಗಳನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಎಐ ಮಾಡೆಲ್‌ಗಳ ಜಗತ್ತು 'ಅತಿ ನಿಧಾನ' ಭಾಷೆಯ ಮೇಲೆ ನಿಂತಿರುವುದು ಹೇಗೆ ಅನ್ನುವುದಕ್ಕೆ ಉತ್ತರ ಇದೇ.

ಒಂದೇ ಭಾಷೆಯ ಒಳಗೆ ಎಷ್ಟು ಅಂತರ ಸಾಧ್ಯ ಅನ್ನುವುದನ್ನು ಜಾವಾ ಜನ 2024ರ ಜನವರಿಯಲ್ಲಿ ಇನ್ನೂ ಚೆನ್ನಾಗಿ ತೋರಿಸಿದರು. ಗುನ್ನಾರ್ ಮೊರ್ಲಿಂಗ್ ಅನ್ನುವವರು ಒಂದು ಪಂದ್ಯ ಇಟ್ಟರು. 100 ಕೋಟಿ ಸಾಲುಗಳ ಒಂದು ಫೈಲ್, ಸುಮಾರು 13 ಜಿಬಿ. ಪ್ರತಿ ಸಾಲಿನಲ್ಲಿ ಒಂದು ಹವಾಮಾನ ಕೇಂದ್ರದ ಹೆಸರು, ಒಂದು ಉಷ್ಣಾಂಶ. ಕೇಂದ್ರವಾರು ಕನಿಷ್ಠ, ಸರಾಸರಿ, ಗರಿಷ್ಠ ಹೇಳಬೇಕು. ಜಾವಾ ಮಾತ್ರ, ಹೊರಗಿನ ಲೈಬ್ರರಿ ಬೇಡ. ಮಾದರಿಗೆ ಅಂತ ಕೊಟ್ಟ ಸಾದಾ ಕೋಡ್‌ಗೆ 4 ನಿಮಿಷ 50 ಸೆಕೆಂಡು ಹಿಡಿದಿತ್ತು. ಗೆದ್ದ ಕೋಡ್ 8 ಕೋರ್‌ಗಳಲ್ಲಿ 1.5 ಸೆಕೆಂಡಿನಲ್ಲಿ ಮುಗಿಸಿತು. ಸುಮಾರು 190 ಪಟ್ಟು. ಪೋರ್ಚುಗಲ್ ಪಟ್ಟಿಯಲ್ಲಿ ಸಿ ಮತ್ತು ಪೈಥಾನ್ ನಡುವೆ ಇರುವ ಅಂತರಕ್ಕಿಂತ, ಜಾವಾ ಮತ್ತು ಜಾವಾ ನಡುವಿನ ಅಂತರ ದೊಡ್ಡದು!

ಹಾಗಂತ ಗೆದ್ದ ಕೋಡ್ ನೋಡಿದರೆ ಯಾವ ಆಫೀಸಿನಲ್ಲೂ ರಿವ್ಯೂ ಪಾಸ್ ಆಗುವಂಥದ್ದಲ್ಲ. ಜಾವಾ ಕೊಡುವ ರಕ್ಷಣೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ನೇರವಾಗಿ ಮೆಮೊರಿಯ ಬೈಟ್‌ಗಳಿಗೆ ಕೈ ಹಾಕಿದ ಕೋಡ್ ಅದು. ಬೆಂಚ್‌ಮಾರ್ಕ್ಸ್ ಗೇಮ್‌ನಲ್ಲಿರುವ ವೇಗದ ಸಿ ಪ್ರೋಗ್ರಾಮ್‌ಗಳಲ್ಲೂ ಹಲವು ಹೀಗೇ ಇವೆ. ಪ್ರೊಸೆಸರ್‌ನ ವೆಕ್ಟರ್ ಆದೇಶಗಳನ್ನು ಕೈಯಾರೆ ಬರೆದಿರುತ್ತಾರೆ. ನೀವು ನಾಳೆ ಬರೆಯುವ ಸಿ ಕೋಡ್ ಹಾಗಿರುವುದಿಲ್ಲ, ಅಲ್ವಾ?

ಅಳತೆಗೋಲೇ ಅಲುಗಾಡಿದಾಗ

ಇಷ್ಟರವರೆಗೆ ಅಳತೆ ಸರಿ ಇದೆ ಅಂತಲೇ ನಂಬಿದೆವು. ಅದೂ ಅಷ್ಟು ಗಟ್ಟಿಯಲ್ಲ.

2009ರಲ್ಲಿ ಟಾಡ್ ಮಿಟ್ಕೊವಿಚ್ ಮತ್ತು ಸಂಗಡಿಗರು ಒಂದು ಪ್ರಬಂಧ ತಂದರು. ಸಿ ಕೋಡನ್ನು ಯಂತ್ರದ ಆದೇಶಗಳಾಗಿ ಬದಲಿಸುವ ಕಂಪೈಲರ್‌ಗೆ ಓ2, ಓ3 ಅಂತ ಎರಡು ಮಟ್ಟಗಳಿವೆ. ಓ3 ಹೆಚ್ಚು ಬೆವರು ಸುರಿಸುತ್ತದೆ, ಹಾಗಾಗಿ ಕೋಡ್ ಹೆಚ್ಚು ವೇಗವಾಗಬೇಕು. ನಿಜಕ್ಕೂ ಆಗುತ್ತದಾ ಅಂತ ಅಳೆಯಲು ಹೊರಟರು. ಕಂಡದ್ದು ವಿಚಿತ್ರ. ಯುನಿಕ್ಸ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ (ಪ್ರತಿ ಪ್ರೋಗ್ರಾಮ್‌ಗೂ ಸಿಸ್ಟಮ್ ಕೊಡುವ ಯೂಸರ್‌ನೇಮ್‌ನಂಥ ಮಾಹಿತಿ) ಒಟ್ಟು ಉದ್ದ ಬದಲಾದರೆ ಉತ್ತರವೇ ಬದಲಾಗುತ್ತಿತ್ತು. ಆ ಉದ್ದದಿಂದ ಪ್ರೋಗ್ರಾಮ್‌ನ ಸ್ಟ್ಯಾಕ್ (ತಾತ್ಕಾಲಿಕ ಡೇಟಾ ಇಡುವ ಜಾಗ) ಮೆಮೊರಿಯಲ್ಲಿ ಸ್ವಲ್ಪ ಆಚೀಚೆ ಸರಿಯುತ್ತದೆ, ಅದರಿಂದ ವೇಗ ಏರುಪೇರಾಗುತ್ತದೆ. ಫೈಲ್‌ಗಳನ್ನು ಲಿಂಕ್ ಮಾಡುವ ಕ್ರಮ ಬದಲಿಸಿದರೂ ಅದೇ ಕಥೆ. ಒಮ್ಮೆ ಓ3 ಗೆಲ್ಲುತ್ತದೆ, ಇನ್ನೊಮ್ಮೆ ಸೋಲುತ್ತದೆ. ನಿಮ್ಮ ಯೂಸರ್‌ನೇಮ್ ಉದ್ದವಾಗಿದ್ದರೆ ನಿಮ್ಮ ಬೆಂಚ್‌ಮಾರ್ಕ್ ಬೇರೆ ತೀರ್ಪು ಕೊಡಬಹುದು ಅನ್ನುವಷ್ಟು ಸೂಕ್ಷ್ಮ. ಶೇ 5ರಷ್ಟು ಅಂತರವನ್ನು ನೋಡಿ 'ಈ ಭಾಷೆ ಆ ಭಾಷೆಯನ್ನು ಸೋಲಿಸಿತು' ಅಂತ ಬರೆಯುವವರು ಇದನ್ನು ಓದಬೇಕು.

ತೀರಾ ಇತ್ತೀಚಿನ ಉದಾಹರಣೆ ಪೈಥಾನ್‌ನದ್ದೇ. 2025ರ ಫೆಬ್ರವರಿಯಲ್ಲಿ ಪೈಥಾನ್ 3.14ಕ್ಕೆ ಹೊಸ ರೀತಿಯ ಇಂಟರ್‌ಪ್ರಿಟರ್, ಅಂದರೆ ಪೈಥಾನ್ ಕೋಡನ್ನು ಓಡಿಸುವ ಪ್ರೋಗ್ರಾಮ್, ಸೇರಿತು. ಟೇಲ್ ಕಾಲ್ ಅನ್ನುವ ತಂತ್ರ ಬಳಸಿದ್ದು. ಸರಾಸರಿ ಶೇ 9ರಿಂದ 15ರಷ್ಟು ವೇಗ ಸಿಗುತ್ತದೆ ಅಂತ ಅಳತೆಗಳು ಹೇಳಿದವು. ಇಂಟರ್‌ಪ್ರಿಟರ್ ಬರೆಯುವವರಿಗೆ ಇದು ಹಬ್ಬದಂಥ ಸುದ್ದಿ. ಅಷ್ಟು ಹಳೆಯ, ಅಷ್ಟು ಸಲ ತೀಡಿದ ಕೋಡ್‌ನಲ್ಲಿ ಇಷ್ಟು ವೇಗ ಇನ್ನೂ ಅಡಗಿತ್ತಾ ಅಂತ ಎಲ್ಲರಿಗೂ ಖುಷಿ.

ನೆಲ್ಸನ್ ಎಲ್‌ಹೇಜ್ ಅನ್ನುವ ಎಂಜಿನಿಯರ್‌ಗೆ ಈ ಅಂಕಿ ಸರಿಹೊಂದಲಿಲ್ಲ. ಅಗೆದು ನೋಡಿದರು. ಹೋಲಿಕೆಗೆ ಇಟ್ಟುಕೊಂಡ ಹಳೆಯ ಇಂಟರ್‌ಪ್ರಿಟರನ್ನು ಕ್ಲ್ಯಾಂಗ್ ಕಂಪೈಲರ್‌ನ 19ನೇ ಆವೃತ್ತಿಯಲ್ಲಿ ಕಟ್ಟಲಾಗಿತ್ತು. ಆ ಆವೃತ್ತಿಯಲ್ಲಿ ಒಂದು ದೋಷವಿತ್ತು. ಇಂಟರ್‌ಪ್ರಿಟರ್ ಒಂದು ಆದೇಶ ಮುಗಿಸಿ ಮುಂದಿನದಕ್ಕೆ ಹಾರುವ ಜಾಗಗಳು ನೂರಾರು ಇರುತ್ತವೆ. ಅವು ಬೇರೆ ಬೇರೆಯಾಗಿದ್ದರೆ ಪ್ರೊಸೆಸರ್ ಮುಂದೇನು ಬರುತ್ತದೆ ಅಂತ ಚೆನ್ನಾಗಿ ಊಹಿಸುತ್ತದೆ. ಕ್ಲ್ಯಾಂಗ್ 19 ಅವನ್ನೆಲ್ಲ ಒಂದೇ ಕಡೆಗೆ ಸೇರಿಸಿಬಿಡುತ್ತಿತ್ತು. ಹಾಗಾಗಿ ಹಳೆಯ ಇಂಟರ್‌ಪ್ರಿಟರ್ ಇರಬೇಕಾದದ್ದಕ್ಕಿಂತ ನಿಧಾನವಾಗಿ ಓಡುತ್ತಿತ್ತು. ಹೊಸದು ಆ ದೋಷದಿಂದ ತಪ್ಪಿಸಿಕೊಂಡಿತ್ತು, ಅಷ್ಟೇ. ಜಿಸಿಸಿ ಅನ್ನುವ ಇನ್ನೊಂದು ಕಂಪೈಲರ್ ಜೊತೆಗೋ ಕ್ಲ್ಯಾಂಗ್ 18ರ ಜೊತೆಗೋ ಹೋಲಿಸಿದರೆ ನಿಜವಾದ ಲಾಭ ಶೇ 1ರಿಂದ 5. ಪೈಥಾನ್ ತಂಡ ಅದನ್ನು ಒಪ್ಪಿ ದಾಖಲೆ ತಿದ್ದಿತು.

ಈ ಕಥೆಯಲ್ಲಿ ಯಾರೂ ಮೋಸ ಮಾಡಲಿಲ್ಲ. ಬೆಂಚ್‌ಮಾರ್ಕ್ ಕೂಡ ಒಳ್ಳೆಯದೇ, ಹತ್ತಾರು ನಿಜವಾದ ಪ್ರೋಗ್ರಾಮ್‌ಗಳನ್ನು ಓಡಿಸುವಂಥದ್ದು. ಒಂದೇ ಭಾಷೆ, ಒಂದೇ ಪ್ರಾಜೆಕ್ಟ್, ಒಳಗಿನ ಸಂಗತಿಗಳನ್ನು ಬಲ್ಲ ಜನ. ಆದರೂ ಹೀಗಾಯಿತು. ಎರಡು ಬೇರೆ ಭಾಷೆ, ಎರಡು ಬೇರೆ ಕಂಪೈಲರ್, ಎರಡು ಬೇರೆ ತಂಡ ಇದ್ದಾಗ ಏನಾಗಬಹುದು ಅಂತ ನೀವೇ ಊಹಿಸಿ.

ಬೇಕಂತಲೇ ಮಾಡುವ ಚಾಲಾಕಿತನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪ್ರೊಸೆಸರ್‌ಗಳನ್ನು ಅಳೆಯುವ ಸ್ಪೆಕ್ ಸಂಸ್ಥೆ 2024ರಲ್ಲಿ 2,600ಕ್ಕೂ ಹೆಚ್ಚು ಫಲಿತಾಂಶಗಳಿಗೆ ಅಸಿಂಧು ಅಂತ ಗುರುತು ಹಾಕಿತು. ಇಂಟೆಲ್ ಕಂಪೈಲರ್ ಒಂದು ಟೆಸ್ಟ್ ಪ್ರೋಗ್ರಾಮ್ ಹೇಗಿದೆ ಅಂತ ಮೊದಲೇ ತಿಳಿದುಕೊಂಡು ಅದಕ್ಕೇ ಹೊಲಿದ ಹಾಗೆ ಕೋಡ್ ಮಾಡುತ್ತಿತ್ತು ಅನ್ನುವುದು ಕಾರಣ. ವೆಬ್ ಫ್ರೇಮ್‌ವರ್ಕ್‌ಗಳ ವೇಗ ಹೋಲಿಸುವ ಟೆಕ್‌ಎಂಪವರ್ ಪಟ್ಟಿಯಲ್ಲೂ ಮೇಲಿನ ಸಾಲುಗಳ ಕೋಡ್ ತೆಗೆದು ನೋಡಿ. ನಾವು ದಿನಾ ಬರೆಯುವ ರೂಟಿಂಗ್, ಮಿಡಲ್‌ವೇರ್ ಎಲ್ಲ ಬಿಟ್ಟು ಟೆಸ್ಟ್‌ಗೆ ಬೇಕಾದಷ್ಟನ್ನೇ ಕೈಯಲ್ಲಿ ಬರೆದ ಕೋಡ್ ಅಲ್ಲಿ ಸಿಗುತ್ತದೆ.

ಯಾವ ಸಮಯ?

'ಎಷ್ಟು ಸಮಯ ಹಿಡಿಯಿತು' ಅನ್ನುವುದು ಸರಳ ಪ್ರಶ್ನೆ ಅನಿಸುತ್ತದೆ. ಜೂಲಿಯಾ ಭಾಷೆಯ ಉದಾಹರಣೆ ನೋಡಿದರೆ ಹಾಗಲ್ಲ ಅಂತ ಗೊತ್ತಾಗುತ್ತದೆ. 2012ರಲ್ಲಿ ಹೊರಬಂದ ಈ ಭಾಷೆಗೂ ನಮ್ಮೂರಿಗೂ ಒಂದು ನಂಟಿದೆ. ಅದನ್ನು ಕಟ್ಟಿದ ನಾಲ್ವರಲ್ಲಿ ಒಬ್ಬರಾದ ವಿರಲ್ ಶಾ ಆಧಾರ್ ಯೋಜನೆಯಲ್ಲಿ ಕೆಲಸ ಮಾಡಿದವರು. ಅವರ ಜೂಲಿಯಾ ಕಂಪ್ಯೂಟಿಂಗ್ ಕಂಪನಿಗೆ ಬೆಂಗಳೂರಿನಲ್ಲೂ ಕಚೇರಿ ಇತ್ತು. ಪೈಥಾನ್‌ನಷ್ಟು ಸುಲಭ, ಸಿ ಭಾಷೆಯಷ್ಟು ವೇಗ ಅನ್ನುವುದು ಜೂಲಿಯಾದ ಭರವಸೆ. ಅದನ್ನು ತೋರಿಸಲು ಚಿಕ್ಕ ಚಿಕ್ಕ ಲೆಕ್ಕಗಳ ಒಂದು ಬೆಂಚ್‌ಮಾರ್ಕ್ ಚಿತ್ರವನ್ನೂ ಮುಂದಿಟ್ಟರು. ಅದರಲ್ಲಿ ಜೂಲಿಯಾ ನಿಜಕ್ಕೂ ಸಿ ಪಕ್ಕದಲ್ಲೇ ಕೂತಿತ್ತು.

ಆದರೆ ಜೂಲಿಯಾ ಬಳಸಿದವರ ದೂರು ಬೇರೆ ಇತ್ತು. ಪ್ರೋಗ್ರಾಮ್ ಶುರು ಮಾಡಿ ಮೊದಲ ಗ್ರಾಫ್ ಪರದೆಯ ಮೇಲೆ ಬರುವುದಕ್ಕೇ ತುಂಬಾ ಹೊತ್ತು ಕಾಯಬೇಕಿತ್ತು. ಪ್ರತಿ ಸಲ ಕೋಡ್ ಹೊಸದಾಗಿ ಕಂಪೈಲ್ ಆಗುತ್ತಿತ್ತಲ್ಲ, ಅದಕ್ಕೆ. 'ಮೊದಲ ಪ್ಲಾಟ್‌ಗೆ ಹಿಡಿಯುವ ಸಮಯ' ಅನ್ನುವುದು ಆ ಬಳಗದಲ್ಲಿ ಒಂದು ಮಾತೇ ಆಗಿಹೋಯಿತು. ಕಂಪೈಲ್ ಆದ ಕೋಡನ್ನು ಉಳಿಸಿಕೊಳ್ಳುವ ಸೌಲಭ್ಯ 2023ರಲ್ಲಿ 1.9 ಆವೃತ್ತಿಯೊಂದಿಗೆ ಬಂದ ಮೇಲೆ ಈ ಕಾಟ ಬಹಳ ಕಡಿಮೆಯಾಯಿತು. ಲೂಪ್‌ನ ವೇಗವನ್ನಷ್ಟೇ ಅಳೆಯುವ ಚಿತ್ರದಲ್ಲಿ ಇದು ಕಾಣಿಸುವಂತೆಯೇ ಇರಲಿಲ್ಲ.

ಜಾವಾ, ಜಾವಾಸ್ಕ್ರಿಪ್ಟ್‌ನಂಥ ಭಾಷೆಗಳೂ ಓಡುತ್ತಾ ಓಡುತ್ತಾ ಬಿಸಿಯಾಗುತ್ತವೆ. ಮೊದಲ ಕೆಲವು ಸುತ್ತು ನಿಧಾನ, ಆಮೇಲೆ ಓಡುವಾಗಲೇ ಕೋಡ್ ಕಂಪೈಲ್ ಮಾಡುವ ಜಿಟ್ ಕಂಪೈಲರ್ ಕೆಲಸ ಮಾಡಿ ವೇಗ ಸ್ಥಿರವಾಗುತ್ತದೆ ಅನ್ನುವುದು ಎಲ್ಲರ ನಂಬಿಕೆ. ಲಂಡನ್ ಕಿಂಗ್ಸ್ ಕಾಲೇಜಿನ ಎಡ್ ಬ್ಯಾರೆಟ್, ಲಾರೆನ್ಸ್ ಟ್ರ್ಯಾಟ್ ಮತ್ತಿತರರು 2017ರಲ್ಲಿ ಈ ನಂಬಿಕೆಯನ್ನೇ ಅಳೆದರು. ಒಂದು ಭಾಷೆಯ ಎಂಜಿನ್, ಒಂದು ಟೆಸ್ಟ್ ಪ್ರೋಗ್ರಾಮ್ ಅಂತ ತಾವು ನೋಡಿದ ಜೋಡಿಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಪ್ರತಿ ಸಲವೂ ಅತಿ ವೇಗದ ಸ್ಥಿರ ಸ್ಥಿತಿ ಮುಟ್ಟಿದವು. ಕೆಲವು ಬಿಸಿಯಾಗುವ ಬದಲು ತಣ್ಣಗಾದವು. ಕೆಲವು ಕೊನೆಯವರೆಗೂ ಸ್ಥಿರವಾಗಲೇ ಇಲ್ಲ.

ಸರಾಸರಿಯೂ ಮೋಸ ಮಾಡುತ್ತದೆ. ಚಾಟ್ ಆಪ್ ನಡೆಸುವ ಡಿಸ್ಕಾರ್ಡ್ ಕಂಪನಿ 2020ರಲ್ಲಿ ತನ್ನ ಒಂದು ಸರ್ವಿಸನ್ನು ಗೋ ಭಾಷೆಯಿಂದ ರಸ್ಟ್‌ಗೆ ಬದಲಿಸಿದ್ದನ್ನು ವಿವರಿಸಿ ಬರೆಯಿತು. ಯಾರು ಯಾವ ಮೆಸೇಜ್ ಓದಿದ್ದಾರೆ ಅನ್ನುವ ಲೆಕ್ಕ ಇಡುವ ಸರ್ವಿಸ್ ಅದು. ಗೋ ಕೋಡ್ ಹೆಚ್ಚು ಹೊತ್ತು ವೇಗವಾಗಿಯೇ ಇತ್ತು. ಆದರೆ ಎರಡು ನಿಮಿಷಕ್ಕೊಮ್ಮೆ ಗಾರ್ಬೇಜ್ ಕಲೆಕ್ಟರ್ (ಬಳಕೆ ಮುಗಿದ ಮೆಮೊರಿಯನ್ನು ಹುಡುಕಿ ಬಿಡಿಸುವ ಭಾಗ) ಎದ್ದು, ಕೋಟಿಗಟ್ಟಲೆ ಎಂಟ್ರಿಗಳಿದ್ದ ಕ್ಯಾಶನ್ನೆಲ್ಲ ಗುಡಿಸಿ ನೋಡುತ್ತಿತ್ತು. ಆಗ ಸರ್ವಿಸ್ ತಡವರಿಸುತ್ತಿತ್ತು. ರಸ್ಟ್‌ನಲ್ಲಿ ಗಾರ್ಬೇಜ್ ಕಲೆಕ್ಟರ್ ಇಲ್ಲ, ತಡವರಿಕೆಯೂ ಹೋಯಿತು. ಎನ್‌-ಬಾಡಿ ಪಟ್ಟಿಯಲ್ಲಿ ಗೋ ಮತ್ತು ರಸ್ಟ್ ಎಷ್ಟನೇ ಸಾಲಿನಲ್ಲಿವೆ ಅನ್ನುವುದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ಹಾಗಾದರೆ ಅಳೆಯುವುದೇ ಬೇಡವಾ?

ಇಷ್ಟೆಲ್ಲ ಕೇಳಿದ ಮೇಲೆ ಇನ್ನೊಂದು ಗುಂಪು ಗೆದ್ದ ಖುಷಿಯಲ್ಲಿರುತ್ತದೆ. 'ಭಾಷೆಯ ವೇಗ ಯಾರಿಗೆ ಬೇಕು, ನಮ್ಮ ಆಪ್ ಕಾಯುವುದು ಡೇಟಾಬೇಸ್‌ಗೆ' ಅನ್ನುವ ಗುಂಪು. ಬೆಂಗಳೂರಿನ ಆಫೀಸುಗಳಲ್ಲಿ ಈ ಮಾತು ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಇದನ್ನು ಹೇಳುವವರಲ್ಲಿ ಅಳೆದು ಹೇಳುವವರು ಕಡಿಮೆ.

ಒಂದು ಲೆಕ್ಕ ಹಾಕೋಣ. ಒಂದು ರಿಕ್ವೆಸ್ಟ್‌ಗೆ 50 ಮಿಲಿಸೆಕೆಂಡು ಹಿಡಿಯುತ್ತದೆ ಅಂದುಕೊಳ್ಳಿ. ಅದರಲ್ಲಿ 45 ಡೇಟಾಬೇಸ್‌ಗೆ ಕಾಯುವುದು, 5 ನಿಮ್ಮ ಕೋಡ್ ಓಡುವುದು. ಭಾಷೆ ಬದಲಿಸಿ ನಿಮ್ಮ ಕೋಡನ್ನು ಹತ್ತು ಪಟ್ಟು ವೇಗ ಮಾಡಿದರೂ ಒಟ್ಟು 45.5ಕ್ಕೆ ಬರುತ್ತದೆ. ಬಳಕೆದಾರರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಇಲ್ಲಿಯವರೆಗೆ ಆ ಗುಂಪಿನ ಮಾತು ಸರಿ. ಆದರೆ ಕಾಯುವಾಗ ನಿಮ್ಮ ಸರ್ವರ್‌ನ ಸಿಪಿಯು ಸುಮ್ನೆ ಕೂರುವುದಿಲ್ಲ, ಬೇರೆ ರಿಕ್ವೆಸ್ಟ್ ನೋಡಿಕೊಳ್ಳುತ್ತದೆ. ಸಾವಿರಾರು ರಿಕ್ವೆಸ್ಟ್ ಒಟ್ಟಿಗೆ ಬರುವಾಗ ಎಷ್ಟು ಸರ್ವರ್ ಬೇಕು ಅನ್ನುವುದನ್ನು ನಿರ್ಧರಿಸುವುದು ಆ 45 ಅಲ್ಲ, ಈ 5. ಅದು 0.5 ಆದರೆ ಆಪ್ ಸರ್ವರ್‌ಗಳ ಸಂಖ್ಯೆ ಹತ್ತನೇ ಒಂದರ ಹತ್ತಿರಕ್ಕೆ ಇಳಿಯಬಹುದು. ಅಂದರೆ ಡೇಟಾಬೇಸ್ ನೆಪ ಬಳಕೆದಾರರು ಕಾಯುವ ಸಮಯಕ್ಕೆ ಹೊಂದುತ್ತದೆ, ತಿಂಗಳ ಕೊನೆಯ ಕ್ಲೌಡ್ ಬಿಲ್‌ಗೆ ಹೊಂದುವುದಿಲ್ಲ. ನಾಲ್ಕು ಸರ್ವರ್ ಇರುವ ಕಂಪನಿಗೆ ಇದು ಲೆಕ್ಕಕ್ಕಿಲ್ಲ. ನಾಲ್ಕು ಸಾವಿರ ಇರುವವರಿಗೆ ಇದೇ ಲೆಕ್ಕ.

ಕೆಟ್ಟ ಕೋಡ್ ಬರೆದು ಭಾಷೆಯನ್ನು ಬೈಯುವವರೂ ಇದ್ದಾರೆ. ಕುಣಿಯಲಾರದವಳಿಗೆ ನೆಲ ಡೊಂಕು. ಆದರೆ ಕೆಲವೊಮ್ಮೆ ನೆಲ ನಿಜಕ್ಕೂ ಡೊಂಕಿರುತ್ತದೆ, ಅದನ್ನು ತೋರಿಸುವುದಕ್ಕೆ ಬೆಂಚ್‌ಮಾರ್ಕ್ ಬೇಕು. ಪಟ್ಟಿಯಲ್ಲಿ 1.04 ಮತ್ತು 1.56 ನಡುವಿನ ವ್ಯತ್ಯಾಸ ಏನನ್ನೂ ಹೇಳುವುದಿಲ್ಲ. 1 ಮತ್ತು 70 ನಡುವಿನದ್ದು ಹೇಳುತ್ತದೆ. ನನ್ನ ಅಂದಾಜಿನಲ್ಲಿ ಎರಡು ಮೂರು ಪಟ್ಟಿನ ಒಳಗಿನ ಅಂತರವನ್ನು ನೋಡಿ ಭಾಷೆ ಆರಿಸುವುದು ವ್ಯರ್ಥ. ಹತ್ತಾರು ಪಟ್ಟು ಅಂತರವಿದ್ದರೆ ಅದರ ಕಾರಣ ಹುಡುಕದೆ ಮುಂದೆ ಹೋಗುವುದು ಸೋಮಾರಿತನ.

ಬೆಂಚ್‌ಮಾರ್ಕ್‌ಗೆ ಇನ್ನೊಂದು ಉಪಯೋಗವಿದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಅದು ಭಾಷೆ ಕಟ್ಟುವವರನ್ನು ಓಡಿಸುತ್ತದೆ. 2008ರಲ್ಲಿ ಕ್ರೋಮ್ ಬಂದ ಮೇಲೆ ಬ್ರೌಸರ್ ಕಂಪನಿಗಳು ಸನ್‌ಸ್ಪೈಡರ್, ಆಕ್ಟೇನ್‌ನಂಥ ಟೆಸ್ಟ್‌ಗಳ ಮೇಲೆ ಜಗಳವಾಡಿಕೊಂಡೇ ಜಾವಾಸ್ಕ್ರಿಪ್ಟನ್ನು ಈಗಿನ ವೇಗಕ್ಕೆ ತಂದವು. ಆಕ್ಟೇನ್ ಅಂಕಿ ಏರಿಸುವ ಕೆಲಸದಿಂದ ನಿಜವಾದ ವೆಬ್ ಪುಟಗಳಿಗೆ ಲಾಭವಾಗುತ್ತಿಲ್ಲ ಅಂತ ಕಂಡಾಗ, ಅದನ್ನು ಮಾಡಿದ, ಕ್ರೋಮ್‌ನ ಜಾವಾಸ್ಕ್ರಿಪ್ಟ್ ಎಂಜಿನ್ ಕಟ್ಟುವ ವಿ8 ತಂಡವೇ 2017ರಲ್ಲಿ ಅದನ್ನು ನಿವೃತ್ತಿ ಮಾಡಿತು. ಪೈಥಾನ್ 3.11 ಹಿಂದಿನದಕ್ಕಿಂತ ಸರಾಸರಿ ಕಾಲು ಭಾಗ ವೇಗವಾದದ್ದೂ ಪಟ್ಟು ಹಿಡಿದು ಅಳೆದುಕೊಂಡು ಕೆಲಸ ಮಾಡಿದ್ದರಿಂದಲೇ.

ಭಾಷೆ ಆರಿಸುವವರಿಗೆ ಮಾದರಿಯಾಗಿ ನಿಲ್ಲುವ ಕೆಲಸ ಟೈಪ್‌ಸ್ಕ್ರಿಪ್ಟ್ ತಂಡದ್ದು. 2025ರ ಮಾರ್ಚ್‌ನಲ್ಲಿ ಆಂಡರ್ಸ್ ಹೈಲ್ಸ್‌ಬರ್ಗ್ ತಮ್ಮ ಕಂಪೈಲರನ್ನು ಗೋ ಭಾಷೆಗೆ ಬದಲಿಸುತ್ತಿದ್ದೇವೆ ಅಂತ ಹೇಳಿದರು. 15 ಲಕ್ಷ ಸಾಲುಗಳ ವಿಎಸ್ ಕೋಡ್ ಪ್ರಾಜೆಕ್ಟನ್ನು ಪರೀಕ್ಷಿಸಲು 77.8 ಸೆಕೆಂಡು ಹಿಡಿಯುತ್ತಿದ್ದದ್ದು 7.5ಕ್ಕೆ ಇಳಿದಿತ್ತು. ಈ ಹತ್ತು ಪಟ್ಟಿನಲ್ಲಿ ಸುಮಾರು ಅರ್ಧ ಪ್ರೊಸೆಸರ್ ನೇರವಾಗಿ ಓಡಿಸುವ ನೇಟಿವ್ ಕೋಡ್‌ನಿಂದ, ಉಳಿದದ್ದು ಹಲವು ಕೋರ್‌ಗಳಿಗೆ ಕೆಲಸ ಹಂಚಿದ್ದರಿಂದ ಬಂತು ಅಂತ ಅವರೇ ಬಿಡಿಸಿ ಹೇಳಿದರು. ರಸ್ಟ್ ಯಾಕಲ್ಲ ಅಂತ ಜನ ಮುಗಿಬಿದ್ದರು. ಸಿ# ಭಾಷೆಯನ್ನು ಕಟ್ಟಿದ ಮನುಷ್ಯನೇ ಅದನ್ನೂ ಬಿಟ್ಟರಲ್ಲ ಅಂತ ಇನ್ನು ಕೆಲವರಿಗೆ ಬೇಜಾರು. ಅವರ ಕಾರಣದಲ್ಲಿ ಪಟ್ಟಿಯ ಪ್ರಸ್ತಾಪವೇ ಇರಲಿಲ್ಲ. ಹಳೆಯ ಕೋಡ್‌ನ ರಚನೆಯನ್ನು ಹಾಗೇ ಉಳಿಸಿಕೊಂಡು ಫೈಲ್‌ನಿಂದ ಫೈಲ್‌ಗೆ ಸಾಗಿಸಬೇಕಿತ್ತು. ಒಂದನ್ನೊಂದು ಸುತ್ತು ಹಾಕಿ ತೋರಿಸುವ ಡೇಟಾ ರಚನೆಗಳು ಅದರಲ್ಲಿ ತುಂಬಿದ್ದವು, ಅವಕ್ಕೆ ಗಾರ್ಬೇಜ್ ಕಲೆಕ್ಟರ್ ಇರುವ ಭಾಷೆ ಅನುಕೂಲ.

ಇಂಥ ಪ್ರಯೋಗ ಮೊನ್ನೆಯವರೆಗೆ ದೊಡ್ಡ ಕಂಪನಿಗಳಿಗೆ ಮಾತ್ರ ಸಾಧ್ಯವಿತ್ತು. ಒಂದೇ ಕೆಲಸವನ್ನು ಎರಡು ಭಾಷೆಯಲ್ಲಿ ಬರೆದು ನೋಡಲು ಸಣ್ಣ ತಂಡಕ್ಕೆ ಸಮಯ ಎಲ್ಲಿರುತ್ತದೆ? ಅದಕ್ಕೇ ಬೇರೆಯವರ ಪಟ್ಟಿ ನಂಬಿಕೊಂಡಿದ್ದೆವು. ಈಗ ಎಐ ಟೂಲ್‌ಗಳು ಒಂದು ಸಣ್ಣ ಸರ್ವಿಸನ್ನು ಪೈಥಾನ್‌ನಿಂದ ಗೋಗೆ ಬದಲಿಸಿಕೊಡುವ ಕೆಲಸವನ್ನು ಬಹಳ ಅಗ್ಗ ಮಾಡಿವೆ. ಹಾಗೆ ಬಂದ ಕೋಡನ್ನು ನೇರ ಪ್ರೊಡಕ್ಷನ್‌ಗೆ ಹಾಕಿ ಅಂತ ನಾನು ಹೇಳುತ್ತಿಲ್ಲ. ಎರಡು ವರ್ಷ ಅದನ್ನು ನೋಡಿಕೊಳ್ಳುವವರು ಯಾರು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಅಳೆಯುವುದಕ್ಕಂತೂ ಅಷ್ಟು ಸಾಕು. ನಿಮ್ಮದೇ ಡೇಟಾ, ನಿಮ್ಮದೇ ಟ್ರಾಫಿಕ್‌ನ ಒಂದು ದಿನದ ಲಾಗ್, ನೀವು ಬಾಡಿಗೆ ಕೊಡುತ್ತಿರುವ ಅದೇ ಮಾದರಿಯ ಸರ್ವರ್. ಎರಡನ್ನೂ ಓಡಿಸಿ, ಶುರುವಾಗುವ ಸಮಯ, ಮೆಮೊರಿ, ಸಿಪಿಯು, ನೂರರಲ್ಲಿ ಅತಿ ನಿಧಾನವಾದ ಆ ಒಂದು ರಿಕ್ವೆಸ್ಟ್, ಇಷ್ಟನ್ನು ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ. ಗೋ ಆವೃತ್ತಿ ಹತ್ತು ಪಟ್ಟು ವೇಗ ಅಂತ ಬಂದರೆ ಕೂಡಲೇ ನಂಬಬೇಡಿ. ಮೊದಲು ಪೈಥಾನ್ ಆವೃತ್ತಿಗೆ, ಎಲ್ಲಿ ಎಷ್ಟು ಸಮಯ ಹೋಗುತ್ತಿದೆ ಅಂತ ತೋರಿಸುವ ಒಂದು ಪ್ರೊಫೈಲರ್ ಹಾಕಿ, ಆ ಹತ್ತರಲ್ಲಿ ಎಷ್ಟು ಪಟ್ಟು ಒಂದು ಕೆಟ್ಟ ಡೇಟಾಬೇಸ್ ಕ್ವೆರಿಯದ್ದು ಅಂತ ನೋಡಿ.